ಹೋಲಿಕೆಗೆ ಎರಡು ಬೇಕು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ನೆನಪನ್ನು ನಂಬುವ ಧೈರ್ಯ ನಮ್ಮ ಮನೆಯಲ್ಲಿ ಈಗ ಯಾರಿಗೂ ಇಲ್ಲ.

ಇವತ್ತು ಬೆಳಿಗ್ಗೆ ಅಮ್ಮನ ತಲೆ ಬಾಚುತ್ತಿದ್ದೆ. ಮಹಡಿ ಮನೆಯ ಹುಡುಗಿ ಅಲಂಕಾರ ಉರು ಹೊಡೆಯುವುದು ಕಿಟಕಿಯಿಂದ ಕೇಳಿಸಿತು. ಉಪಮೇಯ, ಉಪಮಾನ, ಸಮಾನಧರ್ಮ, ವಾಚಕಪದ. ನೀವೂ ಹತ್ತನೇ ತರಗತಿಯಲ್ಲಿ ಹೀಗೇ ಒದರಿದ್ದಿರಬಹುದು. ಯಾವುದನ್ನು ಯಾವುದಕ್ಕೆ ಯಾವ ಗುಣದಲ್ಲಿ ಹೋಲಿಸಿದೆ ಎಂದು ಬಿಡಿಸಿಟ್ಟರೆ ಅಂಕ ಸಿಗುತ್ತಿತ್ತು. ಪದ್ಯ ಅರ್ಥವಾಯಿತೇ ಎಂದು ಯಾರೂ ಕೇಳುತ್ತಿರಲಿಲ್ಲ. ಅಮ್ಮ ಕೇಳುತ್ತಿದ್ದಳು.

ಅಮ್ಮ ಆಗ ಕನ್ನಡ ಟೀಚರ್. ಮೂಡಲಪಾಳ್ಯದ ಇದೇ ಮನೆಯ ಹಾಲ್‌ನಲ್ಲಿ ಸಂಜೆ ಟ್ಯೂಷನ್. ಸ್ಕೂಟರನ್ನು ಹೊರಗೆ ತಳ್ಳಿ ಚಾಪೆ ಹಾಸಿದರೆ ಶಾಲೆ ಸಿದ್ಧ. ಮಗಳೆಂಬ ರಿಯಾಯಿತಿ ಇಲ್ಲದೆ ನಾನೂ ಅಲ್ಲೇ ಕೂರಬೇಕು, ಅವಳನ್ನು 'ಮಿಸ್' ಎನ್ನಬೇಕು.

ಮುಖಕ್ಕೆ ಕಮಲ ಎಂದರೆ ಅವಳಿಗೆ ಸಿಟ್ಟು. "ಕಮಲ ನೋಡಿದೀರೇನ್ರೋ ಯಾರಾದ್ರೂ? ನೋಡಿರೋದು ಹೇಳಿ." ಅವಳದೇ ಒಂದು ಉದಾಹರಣೆಯಿತ್ತು: ವಿಜಯನಗರದ ಬಸ್ಸು ತುಂಬು ಬಸುರಿಯ ಹಾಗೆ ಮೆಲ್ಲಗೆ ಬಂತು.

"ಹಾಗಾದ್ರೆ ಕಂಡಕ್ಟರ್ ಸೂಲಗಿತ್ತೀನಾ ಮಿಸ್?" ಎಂದಳು ಹಿಂದೆ ಕೂತಿದ್ದ ಒಬ್ಬಳು.

ಅಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನನ್ನ ಹಳೆಯ ದಿನಚರಿಯಲ್ಲಿ ಮಾತ್ರ ಬಸ್ಸು ಆನೆಯ ಹಾಗೆ ಬಂದಿದೆ. ಎಂ.ಎ. ಓದಿದ ಮೇಲೆ ನಾನೇ ನೆನಪಿನಲ್ಲಿ ಉದಾಹರಣೆಯನ್ನು ತಿದ್ದಿಕೊಂಡೆನೋ ಏನೋ.

ನಗು ನಿಂತ ಮೇಲೆ ಪಾಠ. "ಹೋಲಿಸ್ಬೇಕು ಅಂದ್ರೆ ಎರಡು ಬೇಕು ಕಣ್ರೇ. ಬೇರೆ ಬೇರೆ ಆಗಿದ್ರೇನೇ ಒಂದು ಇನ್ನೊಂದರ ಹಾಗೆ ಇರಕ್ಕಾಗೋದು."

"ಒಂದನ್ನ ಅದಕ್ಕೇ ಹೋಲಿಸಿದ್ರೆ ಮಿಸ್?" ಇದನ್ನು ಕೇಳಿದ್ದು ನಾನೇ ಎಂದುಕೊಂಡಿದ್ದೇನೆ.

"ಅದಕ್ಕೂ ಹೆಸರಿದೆ ಕಣೇ, ಅನನ್ವಯ. ಕಾವೇರಿ ಕಾವೇರಿ ಹಾಗೇ ಇದಾಳೆ ಅಂತಾರಲ್ಲ, ಹಾಗೆ. ಇದಕ್ಕೆ ಇದೇ ಸಾಟಿ, ಬೇರೆ ಇಲ್ಲ ಅನ್ನೋ ಹೊಗಳಿಕೆ. ಪರೀಕ್ಷೆಗೆ ಬರಲ್ಲ, ಬರ್ಕೋಬೇಡ."

ಈಗ ಅಮ್ಮನಿಗೆ ಮರೆವಿನ ಕಾಯಿಲೆ. ಮೊದಲು ಬೀಗದ ಕೈ ಹೋಯಿತು, ಆಮೇಲೆ ಮಾರ್ಕೆಟ್ಟಿನ ದಾರಿ, ಆಮೇಲೆ ನಾನು. ಅಲಂಕಾರಗಳು ಮಾತ್ರ ಉಳಿದಿದ್ದವು. ಮಹಡಿ ಹುಡುಗಿ ತಪ್ಪು ಹೇಳಿದರೆ ಇಲ್ಲಿಂದಲೇ ತಿದ್ದುತ್ತಿದ್ದಳು. ನಗಬೇಡಿ, ನನಗೆ ಉಪಮಾಲಂಕಾರದ ಮೇಲೆ ಹೊಟ್ಟೆಕಿಚ್ಚಾಗಿದ್ದುಂಟು.

ಜಡೆ ಹಾಕಿ ಮುಗಿಸಿದಾಗ ಅಮ್ಮ ನನ್ನ ಕೈ ಹಿಡಿದುಕೊಂಡಳು. "ತುಂಬಾ ಉಪಕಾರ ಆಯ್ತಮ್ಮ. ನೀವು ನನ್ನ ಮಗಳ ಹಾಗೇ ಇದೀರ."

ಬಾಚಣಿಗೆ ಕೆಳಗಿಟ್ಟೆ. ಹಳೆಯ ಅಭ್ಯಾಸ, ಆ ಮಾತನ್ನು ಬಿಡಿಸಿ ನೋಡಿದೆ. ಉಪಮೇಯ ನಾನು. ಉಪಮಾನವೂ ನಾನು. ಹೊಗಳಿಕೆಯೆಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವಳ ಮನಸ್ಸಿನಲ್ಲಿ ಇಬ್ಬರಿದ್ದರು: ತಲೆ ಬಾಚಿಕೊಡುವ ಯಾವಳೋ ಒಬ್ಬಳು, ಇನ್ನೂ ಮನೆಗೆ ಬಾರದ ಮಗಳೊಬ್ಬಳು. ಆ ಮಗಳನ್ನು ನಾನು ಎಲ್ಲಿಂದ ಕರೆತರಲಿ? ಎಷ್ಟು ಚೆನ್ನಾಗಿ ನೋಡಿಕೊಂಡರೂ ಇನ್ನು ನಾನು ಆ ಮಗಳ ಹಾಗೆ ಇರಬಲ್ಲೆ, ಅಷ್ಟೇ.

ಅಮ್ಮನ ಕುರ್ಚಿಯ ಮುಂದೆ ನೆಲದ ಮೇಲೆ ಕೂತೆ.

"ಮಿಸ್, ಒಂದನ್ನ ಅದಕ್ಕೇ ಹೋಲಿಸಿದ್ರೆ ಏನಂತಾರೆ?"

ಉತ್ತರಕ್ಕೆ ಮೊದಲು ತೋರುಬೆರಳು ಎತ್ತುವುದು ಅವಳ ರೂಢಿ. ಎತ್ತಿದಳು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡಳು.

ಇದನ್ನು ಬರೆಯುವಾಗ ಸಂಜೆಯಾಗಿದೆ, ಉತ್ತರ ಬಂದಿಲ್ಲ. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಳೋ ಏನೋ.