ಇಷ್ಟು ಒಳ್ಳೆಯ ಕರಾರು ನಮಗೆ ಬೇಡ

ಕಳೆದ ವರ್ಷ ನವರಾತ್ರಿ ಮುಗಿದ ವಾರ. ದುಬೈಯ ಅಲ್ ಬರ್ಷಾದ ಹತ್ತಿರ ನಾವು ಕೊಂಡ ಫ್ಲ್ಯಾಟಿನ ಕೀಲಿ ಕೈಗೆ ಬಂದಿತ್ತಷ್ಟೆ, ನಮ್ಮ ಯಜಮಾನರಿಗೆ ಅಬುಧಾಬಿಗೆ ವರ್ಗವಾಯಿತು. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ್ದೇ ಬಂತು. ಕೊನೆಗೆ ಬಾಡಿಗೆಗೆ ಕೊಡುವುದೆಂದು ತೀರ್ಮಾನಿಸಿದೆವು.

ಮೈಸೂರು ಬಿಟ್ಟು ದುಬೈಗೆ ಬಂದಾಗಿನಿಂದ ನಾವು ಬಾಡಿಗೆ ಮನೆಯವರೇ. ಒಬ್ಬ ಮಾಲೀಕರಿಗೆ ಗೋಡೆಗೆ ಮೊಳೆ ಹೊಡೆದರೆ ಆಗದು, ಇನ್ನೊಬ್ಬರಿಗೆ ಒಗ್ಗರಣೆಯ ಘಾಟು ಆಗದು. ಮಿರ್ದಿಫ್‌ನಲ್ಲಿದ್ದಾಗ ನೆಂಟರು ಬಂದರೆ ಸಾಕು, ವಾಚ್‌ಮನ್ ಬಂದು ವಿಚಾರಿಸುತ್ತಿದ್ದ. ನನಗೊಂದು ಮನೆಯಾದರೆ ಯಾರನ್ನೂ ಹೀಗೆ ಗೋಳುಹೊಯ್ದುಕೊಳ್ಳುವುದಿಲ್ಲ ಎಂದು ಆಗಲೇ ಶಪಥ ಮಾಡಿದ್ದೆ.

ಹಾಗಾಗಿ ಕರಾರಿನ ಕೊನೆಯಲ್ಲಿ ಷರತ್ತು ಬರೆಯುವ ಕೆಲಸ ನಾನೇ ವಹಿಸಿಕೊಂಡೆ. ಮೊಳೆ ಹೊಡೆಯಬಹುದು. ಮೀನು ಹುರಿಯಬಹುದು. ಊರಿನವರು ಬಂದು ಎಷ್ಟು ದಿನವಾದರೂ ಇರಬಹುದು. ಏನು ಕೆಟ್ಟರೂ ರಿಪೇರಿ ನಮ್ಮದು. ಯಜಮಾನರು ಓದಿ, "ಮನೆ ಬಾಡಿಗೆಗೆ ಕೊಡ್ತಿದ್ದೀಯೋ, ಬಳುವಳಿ ಕೊಡ್ತಿದ್ದೀಯೋ?" ಎಂದರು. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ನೋಡಲು ಬಂದವರು ಪುತ್ತೂರಿನ ಕಡೆಯ ಪ್ರಜ್ವಲ್ ಮತ್ತು ಅವನ ಹೆಂಡತಿ ಸುಷ್ಮಿತಾ. ದೇರಾದಲ್ಲಿ ಹಲವು ಸಂಸಾರಗಳು ಹಂಚಿಕೊಂಡ ಫ್ಲ್ಯಾಟಿನ ಒಂದು ಕೋಣೆಯಲ್ಲಿದ್ದರು. ಅವಳಿಗೆ ಏಳು ತಿಂಗಳು. ಬಾಣಂತನಕ್ಕೆ ತಾಯಿ ಬರಬೇಕು, ಬಂದರೆ ಮಲಗಲು ಜಾಗವಿಲ್ಲ. ಅಡುಗೆಮನೆಯ ಕಿಟಕಿಯನ್ನು ಆ ಹುಡುಗಿ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದಳು. ಮನೆ ಇವರಿಗೇ ಎಂದು ಅಲ್ಲೇ ನಿಶ್ಚಯಿಸಿಬಿಟ್ಟೆ.

ಇದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ನಾವು ನೆಲದ ಮೇಲೆ ಕೂತೆವು. ಕರಾರು ಓದುತ್ತಾ ಓದುತ್ತಾ ಇಬ್ಬರ ಮುಖವೂ ಬಾಡಿತು. ತುಳುವಿನಲ್ಲಿ ಗುಸುಗುಸು ಮಾತಾಡಿಕೊಂಡರು.

"ಬೇಡ ಆಂಟಿ, ನಾವು ಬೇರೆ ಕಡೆ ನೋಡ್ತೇವೆ," ಎಂದ ಪ್ರಜ್ವಲ್.

"ಯಾಕಪ್ಪ, ಮನೆ ಹಿಡಿಸಲಿಲ್ವಾ?"

ಅವನು ಕರಾರನ್ನು ಮಡಚಿ ನನ್ನ ಕೈಗಿತ್ತ. ಸುಷ್ಮಿತಾಳೇ ಹೇಳಿದಳು: "ಬೇಜಾರು ಮಾಡ್ಬೇಡಿ ಆಂಟಿ. ಇಷ್ಟು ಒಳ್ಳೆ ಓನರ್ ದುಬೈಯಲ್ಲಿ ಎಲ್ಲಿ ಉಂಟು? ಇದ್ರಲ್ಲಿ ಎಂತದೋ ಮೋಸ ಉಂಟು ಅಂತ ಇವರಿಗೆ ಸಂಶಯ. ಇವರ ಫ್ರೆಂಡ್ ಒಬ್ರು ಹೀಗೇ ಸಿಕ್ಕಿಬಿದ್ದಿದ್ದಾರೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆಯ ಪತ್ರ ತೋರಿಸಿದೆ. ಅವನ ಅನುಮಾನ ಹೋಗಲಿಲ್ಲ. ಆಗ ಯಜಮಾನರು ಮುಖ ಬಿಗಿದುಕೊಂಡು ಪೆನ್ನು ತೆಗೆದರು.

"ನೋಡಪ್ಪ, ಇದು ಬರೀ ಕರಡು. ಮೊಳೆ ಹೊಡೆಯೋ ಹಾಗಿಲ್ಲ. ಸಣ್ಣಪುಟ್ಟ ರಿಪೇರಿ ನಿಮ್ದೇ. ನೆಂಟರು ಒಂದು ತಿಂಗಳ ಮೇಲೆ ಇರೋ ಹಾಗಿಲ್ಲ."

ನನಗೆ ಮೈಯೆಲ್ಲಾ ಉರಿಯಿತು. ಆದರೆ ಪ್ರಜ್ವಲ್ ಹತ್ತಿರ ಸರಿದು ಕೂತ.

"ಒಂದು ತಿಂಗಳು ಸಾಕಾಗುದಿಲ್ಲ ಅಂಕಲ್. ಅತ್ತೆ ಬಾಣಂತನಕ್ಕೆ ಬರುವುದು."

"ಎರಡು ತಿಂಗಳು."

"ಮೂರು ಮಾಡಿ ಅಂಕಲ್. ಮಗುವನ್ನು ಮೀಯಿಸ್ಲಿಕ್ಕೆ ಜನ ಬೇಡ್ವಾ?"

ಚೌಕಾಸಿ ಜೋರಾಯಿತು. ನೆಂಟರಿಗೆ ಮೂರು ತಿಂಗಳೆಂದಾಯಿತು. ಮೊಳೆ ಬೇಡವೆಂದವರು ಕ್ಯಾಲೆಂಡರಿಗೊಂದು, ದೇವರ ಪಟಕ್ಕೊಂದು ಎಂದು ಒಪ್ಪಿದರು. ಒಂದೊಂದು ಷರತ್ತು ಸಡಿಲವಾದಾಗಲೂ ಹುಡುಗನ ಮುಖ ಅರಳುತ್ತಿತ್ತು. ಕೊನೆಗೆ ಯಜಮಾನರು "ಖಲಾಸ್" ಎಂದರು, ಅವನು ಸಂತೋಷದಿಂದ ಸಹಿ ಹಾಕಿದ.

ಡಿಸೆಂಬರಿನಲ್ಲಿ ಗಂಡು ಮಗುವಾಯಿತು. ಯುಗಾದಿಗೆ ಒಬ್ಬಟ್ಟು ಹಿಡಿದುಕೊಂಡು ಹೋದೆವು. ಎದುರಿಗೆ ಗಂಡ ಹೆಂಡತಿ ಇಬ್ಬರೇ ಕಂಡರು, ಏಕೋ ತಡಬಡಿಸುತ್ತಿದ್ದರು. "ಅಮ್ಮ ಊರಿಗೆ ಹೋದ್ರಾ?" ಎಂದು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೆ ಹೌದೆಂದು ತಲೆಯಾಡಿಸಿದರು. ಅಷ್ಟರಲ್ಲಿ ಮುಚ್ಚಿದ ಕೋಣೆಯೊಳಗಿಂದ ಮಗುವಿನ ಅಳು, ಹಿಂದೆಯೇ ಯಾರೋ ಮೆಲ್ಲಗೆ ಜೋಗುಳ ಹೇಳುವ ದನಿ.

ಬಾಗಿಲು ತೆರೆದೆ. ಮೂಲೆಯಲ್ಲಿ ಮಗುವನ್ನು ಅವಚಿಕೊಂಡು ಅಜ್ಜಿ ನಿಂತಿದ್ದರು. ಕರಾರಿನ ಮೂರು ತಿಂಗಳು ಮುಗಿದಿತ್ತಂತೆ, ವೀಸಾ ಮುಂದುವರಿಸಿಕೊಂಡು ಉಳಿದಿದ್ದರಂತೆ. "ಇವ ಅಳದಿದ್ರೆ ನೀವು ಹೋಗುವವರೆಗೂ ಇಲ್ಲೇ ಇರ್ತಿದ್ದೆ," ಎಂದರು.

ನನ್ನಂಥವಳಿಗೂ ಹೆದರಿ ಒಬ್ಬರು ಅಡಗಿಕೊಂಡರಲ್ಲ ಎಂದು ನಗು ಉಕ್ಕಿ ಬಂತು, ಕಣ್ಣಲ್ಲಿ ನೀರೂ ಬಂತು. ಅಜ್ಜಿಯ ಕೈ ಹಿಡಿದು ಹೊರಗೆ ಕರೆತಂದು, ಮೊದಲ ಒಬ್ಬಟ್ಟು ಅವರಿಗೇ ಬಡಿಸಿದೆ.