ಕಾರಿನ ಕೆಳಗಿಟ್ಟ ಕರಟ

ಆ ಕಾರು ಈಗ ಒಂದು ಹನಿಯೂ ಸೋರುವುದಿಲ್ಲ. ಯಾರಾದರೂ ಕೇಳಿದರೆ ಗಾಡಿ ಚೆನ್ನಾಗಿದೆ ಎನ್ನುತ್ತೇನೆ. ಅದರ ಸೋರಿಕೆ ಪತ್ತೆ ಮಾಡುವ ಗಡಿಬಿಡಿಯಲ್ಲಿ ನನ್ನ ಹೆಂಡತಿಯ ನಾಯಿಯನ್ನು ನಾನೇ ಕೊಂದೆ ಎಂಬುದನ್ನು ಮಾತ್ರ ಮನೆಯಲ್ಲಿ ಇನ್ನೂ ಹೇಳಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದವನಲ್ಲ ನಾನು. ಹೊನ್ನವಳ್ಳಿ ಪಕ್ಕದಲ್ಲಿ ತೋಟವಿದೆ, ಅಟ್ಟದಲ್ಲಿ ಕೊಬ್ಬರಿ ಇದೆ. ಆದರೂ ತಿಪಟೂರಿನ ಮಾರುಕಟ್ಟೆಗೆ ಸ್ಕೂಟರಿನಲ್ಲಿ ಹೋದಾಗಲೆಲ್ಲ ಬೇರೆಯವರ ದೊಡ್ಡ ದೊಡ್ಡ ಗಾಡಿಗಳನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಕೊನೆಗೆ ಇಬ್ಬರ ಕೈ ದಾಟಿ ಬಂದ, ಆನೆಯಂಥ ಒಂದು ವಿದೇಶಿ ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದೆ. ಚಕ್ರದಡಿ ನಿಂಬೆಹಣ್ಣು ಇಟ್ಟು, ಮುಂದೆ ಈಡುಗಾಯಿ ಒಡೆದೆ. ಮರುದಿನ ಬೆಳಿಗ್ಗೆ ಎಂಜಿನ್ನಿನ ಕೆಳಗೆ ನೆಲ ಒದ್ದೆಯಾಗಿತ್ತು. ಕಾಯಿ ನೀರಿರಬೇಕು ಅಂದುಕೊಂಡೆ. ಮುಟ್ಟಿದರೆ ಅಂಟಂಟು, ಬಣ್ಣ ಗುಲಾಬಿ, ವಾಸನೆ ಸಿಹಿ.

ತಿಪಟೂರಿನ ಮೆಕ್ಯಾನಿಕ್ಕು ವಯಸ್ಸಾದ ಮನುಷ್ಯ. ಬಂದು ಬಗ್ಗಿ ನೋಡಿ ಹೇಳಿದ, "ಕೂಲೆಂಟು ಯಜಮಾನ್ರೇ. ಎಂಜಿನ್ ಬಿಸಿಯಾಗ್ದಂಗೆ ತಡಿಯೋ ನೀರು. ಬಿಸಿಯಾದಾಗ ಮಾತ್ರ ಸೋರುತ್ತೋ, ನಿಂತಾಗ್ಲೂ ಸೋರುತ್ತೋ, ಅದು ಗೊತ್ತಾಗ್ಬೇಕು. ಎರಡು ದಿನ ಗಾಡಿ ಅಲ್ಲಾಡಿಸ್ಬೇಡಿ. ಕೆಳಗೊಂದು ಏನಾದ್ರೂ ಇಟ್ಟು ಬೆಳಿಗ್ಗೆ ಎಷ್ಟು ತುಂಬೈತೆ ನೋಡಿ." ಹನಿ ನೇರವಾಗಿ ಕೆಳಗೆ ಬೀಳಲಿ ಎಂದು ಎಂಜಿನ್ನಿನ ಅಡಿಯಲ್ಲಿದ್ದ ಪ್ಲಾಸ್ಟಿಕ್ ಹಲಗೆಯನ್ನು ಬಿಚ್ಚಿದ. ಹೊರಡುವಾಗ ಇನ್ನೊಂದು ಮಾತು ಹೇಳಿದ. "ದನ ಕಟ್ಟೋ ಕಡೆ ಹರಿಯಾಕೆ ಬುಡ್ಬೇಡಿ. ವಿಷ ಅದು."

ನಾನು ಜಾಗರೂಕ ಮನುಷ್ಯ. ಎರಡೂ ಹಸುಗಳನ್ನು ಬಿಚ್ಚಿ ಹಿತ್ತಲಿಗೆ ಕಟ್ಟಿದೆ. ನೆಲಕ್ಕೆ ಒಂದು ತೊಟ್ಟೂ ಬೀಳಬಾರದೆಂದು, ಅಡುಗೆಮನೆಯ ಮೂಲೆಯಲ್ಲಿದ್ದ ಕಾಯಿ ತುರಿದ ಕರಟವೊಂದನ್ನು ತಂದು ಕಾರಿನ ಕೆಳಗಿಟ್ಟೆ. ನಮ್ಮ ಕಡೆ ಎಣ್ಣೆ ಹಿಡಿಯುವುದಕ್ಕೂ ಕರಟ, ಕೆಂಡ ತರುವುದಕ್ಕೂ ಕರಟ. ನಾಯಿಗೆ ಊಟ ಹಾಕುವುದಕ್ಕೂ ಕರಟವೇ. ಅದೊಂದು ನನಗೆ ಹೊಳೆಯಲಿಲ್ಲ.

ನಾಯಿ ನನ್ನದಾಗಿದ್ದರೆ ಹೊಳೆಯುತ್ತಿತ್ತೇನೋ. ಹೆಂಡತಿ ಅದನ್ನು ಕಂದಿಕೆರೆಯ ತವರಿನಿಂದ ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದಳು. ದಿನಾ ಬೆಳಿಗ್ಗೆ ಮೆಟ್ಟಿಲ ಪಕ್ಕದ ಕರಟದಲ್ಲಿ ಮುದ್ದೆ ಕಿವುಚಿ ಹಾಲು ಹಾಕುತ್ತಿದ್ದಳು. "ನಾಯಿಗೆ ಯಾಕೆ ಹಾಲು" ಎಂದು ನಾನು ಗೊಣಗುತ್ತಿದ್ದೆ. "ಒಂದಿನ ನಿಮ್ಮ ಕೈಯಾರೆ ಹಾಕ್ರೀ, ಆಮೇಲೆ ಗೊತ್ತಾಗ್ತದೆ" ಅನ್ನುತ್ತಿದ್ದಳು. ಏಳು ವರ್ಷ ಅದು ನನ್ನ ಕಾಲು ಮೂಸಿತು. ನಾನು ಒಂದು ತುತ್ತು ಹಾಕಲಿಲ್ಲ.

ಮೊದಲನೇ ಬೆಳಿಗ್ಗೆ ಕರಟ ಮುಕ್ಕಾಲು ತುಂಬಿತ್ತು. ತೋಟದಾಚೆ ಗುಂಡಿ ತೋಡಿ, ಅದರಲ್ಲಿ ಸುರಿದು ಮುಚ್ಚಿ ಬಂದು ಕರಟವನ್ನು ಮತ್ತೆ ಅಲ್ಲೇ ಇಟ್ಟೆ. ಎರಡನೇ ಬೆಳಿಗ್ಗೆ ಬಗ್ಗಿ ನೋಡಿದರೆ ಕರಟ ಖಾಲಿ. ಎಷ್ಟು ಖುಷಿಯಾಯಿತು ಎಂದರೆ, ಅಂಗಳದಲ್ಲೇ ನಿಂತು ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. "ನಿಂತೋಯ್ತು ಕಣಪ್ಪ! ಒಂದು ತೊಟ್ಟೂ ಇಲ್ಲ!" ಎಂದು ಕೂಗಿದೆ. ಆತ "ತಂದು ತೋರ್ಸಿ, ನಿಧಾನಕ್ಕೆ ಬನ್ನಿ" ಎಂದಷ್ಟೇ ಹೇಳಿದ. ಹೊರಟಾಗ ನಾಯಿ ಗೇಟಿನ ಹತ್ತಿರ ಓಲಾಡುತ್ತಾ ನಡೆಯುತ್ತಿತ್ತು. ಹೆಂಡತಿಗೆ ಕಿಟಕಿಯಿಂದ ಹೇಳಿದೆ, "ನಿನ್ನ ನಾಯಿ ಹೆಂಡ ಕುಡ್ದಂಗೆ ಆಡ್ತಾ ಐತೆ ನೋಡೇ." ಹಾಗೆ ಹೇಳಿ ನಕ್ಕೆ. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ತಿಪಟೂರು ಇನ್ನೇನು ಬಂತು ಅನ್ನುವಾಗ ಸ್ಟೀರಿಂಗಿನ ಮುಂದೆ, ಎಂಜಿನ್ ಬಿಸಿಯಾಯಿತೆನ್ನುವ ಕೆಂಪು ದೀಪ ಹತ್ತಿಕೊಂಡಿತು. ಹೇಗೋ ಗ್ಯಾರೇಜು ಮುಟ್ಟಿಸಿದೆ. ಮೆಕ್ಯಾನಿಕ್ಕು ಕೂಲೆಂಟಿನ ಟ್ಯಾಂಕಿಗೆ ಟಾರ್ಚು ಬಿಟ್ಟ. ತಳ ಕಾಣುತ್ತಿತ್ತು.

"ನಿಂತೋಯ್ತು ಅಂದ್ರಲ್ಲ? ಇದು ನಿಂತಾಗ್ಲೂ ಸೋರೈತೆ."

"ಕರಟ ಖಾಲಿ ಇತ್ತು ಕಣಪ್ಪ."

"ಒಳಗೆ ಅಂಟಂಟು ಇತ್ತಾ?"

"ಇಲ್ಲ. ತೊಳೆದಿಟ್ಟಂಗಿತ್ತು."

ಆತ ಟಾರ್ಚು ಆರಿಸಿದ. "ಮನೇಲಿ ನಾಯಿ ಐತಾ ಯಜಮಾನ್ರೇ?" ಎಂದ.

ಆತನ ಸ್ಕೂಟರನ್ನೇ ಇಸಿದುಕೊಂಡು ಊರಿಗೆ ಓಡಿದೆ. ನಾಯಿ ಅಷ್ಟರಲ್ಲಿ ಎರಡು ಸಲ ಕಕ್ಕಿತ್ತು. ಗೋಣಿಚೀಲದಲ್ಲಿ ಎತ್ತಿಕೊಂಡು ಆಟೋದಲ್ಲಿ ಪಶು ಆಸ್ಪತ್ರೆಗೆ ಹೋದೆವು. ಹೆಂಡತಿ ಅದರ ತಲೆ ಹಿಡಿದು ಕೂತಿದ್ದಾಗ ನಾನು ಡಾಕ್ಟರನ್ನು ಹೊರಗೆ ಕರೆದು, ಅದು ಕಾರಿನ ಕೂಲೆಂಟು ಕುಡಿದಿದೆ ಎಂದು ಪಿಸುಗುಟ್ಟಿದೆ. ಅವರು ನನ್ನ ಮುಖ ನೋಡಿ, ಕಿಡ್ನಿಗೆ ಹೋಗುತ್ತದೆ, ಕೈಲಾದದ್ದು ಮಾಡುತ್ತೇನೆ ಎಂದರು. ಹೆಂಡತಿಯ ಹತ್ತಿರ "ಏನೋ ತಿಂದಿದೆಯಮ್ಮ" ಎಂದಷ್ಟೇ ಹೇಳಿದರು. ನಾನು ಹಾಗೆ ಕೇಳಿಕೊಂಡಿದ್ದೆ.

ಮರುದಿನ ಎದ್ದು ಬಾಲ ಅಲ್ಲಾಡಿಸಿತು. ಉಳಿಯಿತು ಅಂದುಕೊಂಡೆವು. ಅದರ ಮಾರನೆಯ ದಿನ ಮಧ್ಯಾಹ್ನ ಮೆಟ್ಟಿಲ ಹತ್ತಿರ, ತನ್ನ ಜಾಗದಲ್ಲೇ ಸತ್ತಿತು. ಫಲ ಬಿಡುತ್ತಿದ್ದ ಒಂದು ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹೂತೆ.

ಕಾರಿನಲ್ಲಿ ಕೆಟ್ಟಿದ್ದದ್ದು ಎರಡು ಕೊಳವೆ ಕೂಡುವ ಕಡೆಯ ಬೆರಳುದ್ದದ ಪ್ಲಾಸ್ಟಿಕ್ ತುಂಡು. ಬೆಂಗಳೂರಿನಿಂದ ಹೊಸದು ಬಂತು. ಒಂದು ಮಧ್ಯಾಹ್ನದ ಕೆಲಸ. ಗಾಡಿ ತಂದು ಅದೇ ಜಾಗದಲ್ಲಿ ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ಬಗ್ಗಿ ನೋಡಿದೆ, ನೆಲ ಒಣಗಿತ್ತು. ಏನೂ ಅನ್ನಿಸಲಿಲ್ಲ.

ಆ ಬೆಳಿಗ್ಗೆಯೇ ಹೆಂಡತಿ ಜಗಲಿಯಲ್ಲಿ ಕಾಫಿ ಕೊಟ್ಟು ಪಕ್ಕದಲ್ಲಿ ಕೂತಳು. ಇವತ್ತು ಹೇಳಿಬಿಡೋಣ ಎಂದು ನಾನು ಲೋಟ ಕೆಳಗಿಟ್ಟೆ. ಅವಳೇ ಮೊದಲು ಮಾತಾಡಿದಳು.

"ಅವತ್ತು ಬೆಳಿಗ್ಗೆ ನೀವಿನ್ನೂ ಎದ್ದಿರ್ಲಿಲ್ಲ. ಕಾರಿನ ಕೆಳಗೆ ಕರಟ ನೆಕ್ತಾ ಇತ್ತು ಕಣ್ರೀ, ಬಾಲ ಅಲ್ಲಾಡಿಸ್ಕೊಂಡು. ರಾತ್ರಿನೇ ಹಾಕಿಟ್ಟಿದ್ದಾರೆ, ಅಂತೂ ಇವ್ರೂ ಒಂದಿನ ಹಾಕಿದ್ರಲ್ಲ ಅಂತ ನಂಗೆ ಅದೆಷ್ಟು ಖುಷಿಯಾಯ್ತು ಗೊತ್ತಾ? ಕೇಳಿದ್ರೆ ನೀವು ನಾಚ್ಕೋತೀರಿ ಅಂತ ಸುಮ್ನಿದ್ದೆ. ಹೋಗೋ ಮುಂಚೆ ನಿಮ್ಮ ಕೈದೂ ಒಂದು ಸಲ ತಿಂತಲ್ಲ, ಬುಡಿ."

ನಾನು "ಹೂಂ" ಅಂದೆ.