ಹಾಳೆಯಲ್ಲಿ ಜಾಗವಿಲ್ಲದ ಅಂಕ

ಅಂದು ಆ ಹಜಾರದಲ್ಲಿ ನನ್ನ ಬಾಯಿಂದ ಬಂದ ಮಾತು ಯಾವುದು ಎಂಬುದು ನನಗೆ ಖಚಿತವಿಲ್ಲ. ‘ಬದಲಾವಣೆ ಇಲ್ಲ’ ಎಂದೆನೋ, ‘ಪ್ರಯೋಜನವಿಲ್ಲ’ ಎಂದೆನೋ... ಎರಡಕ್ಕೂ ಇರುವ ಅಂತರ ಆಗ ನನಗೆ ತಿಳಿದಿರಲಿಲ್ಲ.

ಮೊನ್ನೆ ಬೇಲೂರಿನ ಅಂಗಡಿಯಲ್ಲಿ ಯಾರೋ ಒಣಗಿದ ಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಕಡಕಡ ಎಂದಿತು. ಕೊಳ್ಳಬೇಕಾದ ಸಾಮಾನು ಮರೆತು ಹೊರಗೆ ಬಂದುಬಿಟ್ಟೆ.

ತೊಂಬತ್ತರ ದಶಕದ ಕೊನೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಮುಗಿಸಿ ಅರಸೀಕೆರೆಯ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಪಕ್ಕದ ಮನೆಯಲ್ಲಿ ಕೊಬ್ಬರಿ ಮಂಡಿಯ ಯಜಮಾನರಿದ್ದರು. ಅವರಿಗೆ ಎರಡು ಸಲ ಸಣ್ಣದಾಗಿ ಲಕ್ವ ಹೊಡೆದಿತ್ತು. ಕೈಕಾಲು ಚೇತರಿಸಿಕೊಂಡವು. ನೆನಪು ಮಾತ್ರ ಪ್ರತಿ ಸಲವೂ ಒಂದು ಮೆಟ್ಟಿಲು ಕೆಳಗಿಳಿದು ಅಲ್ಲೇ ನಿಂತಿತು. ಮೆದುಳಿನ ರಕ್ತನಾಳ ಕಟ್ಟಿಕೊಂಡು ಬಂದ ಮರೆವು ಇದು, ಬಿ.ಪಿ.ಗೆ ಮಾತ್ರೆ ಇದೆ, ಮರೆವಿಗಿಲ್ಲ, ನಡೆಸಿ, ಮಾತಾಡಿಸಿ, ಕೈಗೆ ಕೆಲಸ ಕೊಡಿ ಎಂದಿದ್ದರಂತೆ ವೈದ್ಯರು.

ಯಜಮಾನರ ಹೆಂಡತಿ ಅದನ್ನು ವ್ರತದಂತೆ ಹಿಡಿದರು. ಬೆಳಿಗ್ಗೆ ಜಗಲಿಯ ಮೇಲೆ ಒಂದು ಬುಟ್ಟಿ ಕಾಯಿ. ಯಜಮಾನರು ಒಂದೊಂದನ್ನೇ ಅಲ್ಲಾಡಿಸಿ ಒಳಗೆ ಕೊಬ್ಬರಿಯಾಗಿ ಸದ್ದು ಬಂದದ್ದನ್ನು ಬಲಕ್ಕೆ, ಬಾರದ್ದನ್ನು ಎಡಕ್ಕೆ ಇಡಬೇಕು. ಆಮೇಲೆ ಗಂಡ ಹೆಂಡತಿ ರೈಲ್ವೆ ಸ್ಟೇಷನ್‌ವರೆಗೆ ನಡೆದು ಬರುವುದು. ಬಂದ ಮೇಲೆ, ದಾರಿಯಲ್ಲಿ ಸಿಕ್ಕವರ ಹೆಸರನ್ನೆಲ್ಲ ಯಜಮಾನರು ಹೇಳಬೇಕು.

“ನೀನು ಓದಿರೋನು ಕಣಪ್ಪ. ಇವ್ರು ಸರಿಹೋಯ್ತಾ ಇದಾರಾ ಇಲ್ವಾ, ನೋಡಿ ಹೇಳು,” ಎಂದರು ಆಕೆ ನನಗೆ.

ತಿಂಗಳಿಗೊಮ್ಮೆ ಪ್ರಶ್ನೆಗಳ ಹಾಳೆ ಹಿಡಿದು ಹೋಗತೊಡಗಿದೆ.

“ಈಗ ಪ್ರಧಾನಿ ಯಾರು, ಯಜಮಾನ್ರೆ?”

“ಬೆಳಿಗ್ಗೆ ಇದ್ದೋರೋ, ಸಾಯಂಕಾಲ ಬಂದೋರೋ?”

ಆಕೆ ಸೆರಗು ಬಾಯಿಗೆ ಹಿಡಿದು ನಕ್ಕರು. “ನೋಡ್ದಾ? ಇದಕ್ಕೆ ಎಷ್ಟು ಹಾಕ್ತೀಯಾ?”

ನಾನು ಸೊನ್ನೆ ಹಾಕಿದೆ. ಕಾಯಿ ಬೇರೆ ಮಾಡುವುದರಲ್ಲಿ ಅವರು ಒಂದು ಸಲವೂ ತಪ್ಪಿದ್ದು ನಾನು ಕಾಣೆ. ಅದಕ್ಕೆ ನನ್ನ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಏಳೆಂಟು ತಿಂಗಳು ಹೀಗೆ ನಡೆಯಿತು. ದೀಪಾವಳಿ ಮುಗಿದ ವಾರ ಒಂದು ದಿನ ದಾರಿಯಲ್ಲಿ ಹೆಂಡತಿ ಹೂ ಕೊಳ್ಳಲು ನಿಂತಾಗ ಯಜಮಾನರು ಬೇಲೂರಿನ ಬಸ್ಸು ಹತ್ತಿಬಿಟ್ಟರು. ಸಂಜೆ ಸಿಕ್ಕಿದ್ದು ಮಾದಿಹಳ್ಳಿಯಲ್ಲಿ. ಹಿಂದೆ ತಾವು ಕಾಯಿ ಕೊಳ್ಳುತ್ತಿದ್ದ ತೋಟದವರ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತ ಕೂತಿದ್ದರಂತೆ.

ಕರೆತಂದ ಮಗ ಹಜಾರದಲ್ಲಿ ಸಿಡಿದರು. “ಸಾಕು, ನಿಲ್ಲಿಸವ್ವ ಈ ಆಟಾನ. ನಾಳೆಯಿಂದ ಗೇಟಿಗೆ ಬೀಗ.”

“ಬೀಗ ಹಾಕಿದ್ರೆ ಗೋಡೆ ನೋಡ್ಕೊಂಡು ಕೂರ್ತಾರೆ ಕಣೋ. ಇರೋದೂ ಹೋಯ್ತದೆ.”

ಮಗ ನನ್ನ ಕಡೆ ತಿರುಗಿದರು. “ನೀನೇ ಹೇಳಪ್ಪ. ನಿನ್ನ ಹಾಳೇಲಿ ಏನೈತೆ? ಸುಧಾರಿಸಿದಾರಾ?”

ನಾನು ಆ ಮಾತು ಹೇಳಿದ್ದು ಆಗ. ಮೊದಲ ತಿಂಗಳ ಅಂಕವೂ ಕೊನೆಯ ತಿಂಗಳ ಅಂಕವೂ ಒಂದೇ ಆಗಿದ್ದವು. ಆಕೆ ನನ್ನ ಮುಖ ನೋಡಿದರು. ಎದ್ದು ಒಳಗೆ ಹೋದರು ಎಂದು ನೆನಪು. ಅಥವಾ ಅಲ್ಲೇ ಕೂತಿದ್ದರೋ...

ಮೆಟ್ಟಿಲಿಳಿಯುತ್ತಿದ್ದ ಮನುಷ್ಯ ಅಷ್ಟು ತಿಂಗಳು ಇದ್ದ ಮೆಟ್ಟಿಲಲ್ಲೇ ನಿಂತಿದ್ದರು. ಆ ಅಂಕಗಳನ್ನು ಹಾಗೂ ಓದಬಹುದಿತ್ತು, ನಾನು ಓದಲಿಲ್ಲ. ಒಬ್ಬರ ವಿಷಯದಲ್ಲಿ ಕಂಡದ್ದು ಏನನ್ನೂ ಸಾಬೀತು ಮಾಡುವುದಿಲ್ಲ, ಕಾಯಿಲೆ ತಾನಾಗಿಯೇ ನಿಂತಿದ್ದಿರಬಹುದು ಎಂದು ಈಗಲೂ ವಾದಿಸುತ್ತೇನೆ, ಯಾರೂ ಕೇಳದಿದ್ದರೂ.

ಮೂರನೆಯ ಸಲ ಲಕ್ವ ಹೊಡೆದಾಗ ನಾನು ಊರಿನಲ್ಲಿರಲಿಲ್ಲ. ಆಮೇಲೆ ಕೈಗೆ ಕಾಯಿ ಕೊಟ್ಟರೆ ಸುಮ್ಮನೆ ಹಿಡಿದುಕೊಂಡು ಕೂರುತ್ತಿದ್ದರಂತೆ. ಈಗ ಗಂಡ ಹೆಂಡತಿ ಇಬ್ಬರೂ ಇಲ್ಲ. ಮಗ ಸಿಟ್ಟಿನಲ್ಲಿ ಬೀಗದ ಮಾತಾಡಿದರೇ ಹೊರತು ಆಗ ಹಾಕಲಿಲ್ಲ, ಹಾಕಿದ್ದು ಮೂರನೆಯ ಲಕ್ವದ ನಂತರ ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಯಾರಾದರೂ ಹೇಳಿದ್ದರೋ, ನಾನೇ ಕಟ್ಟಿಕೊಂಡದ್ದೋ ಗೊತ್ತಿಲ್ಲ.

ಅಂಗಡಿಯಿಂದ ಬಂದ ಮೇಲೆ ತಡೆಯಲಾಗದೆ ಬೇಲೂರಿನಲ್ಲೇ ಇರುವ ಯಜಮಾನರ ಮಗಳ ಮನೆಗೆ ಹೋದೆ. ಆಕೆ ಆಸ್ಪತ್ರೆಯ ಕಾಗದಗಳ ಜೊತೆ ಒಂದು ಹಳೆಯ ಗೋಡೆ ಕ್ಯಾಲೆಂಡರ್ ತಂದು ಮುಂದಿಟ್ಟರು. ಗಂಡನನ್ನು ನಡೆಸಿಕೊಂಡು ಬಂದ ದಿನಕ್ಕೆಲ್ಲ ಅವರಮ್ಮ ಕುಂಕುಮದ ಚುಕ್ಕೆ ಇಟ್ಟಿದ್ದರು. ಚುಕ್ಕೆಗಳು ದೀಪಾವಳಿಯ ಮರುವಾರ ನಿಂತಿದ್ದವು. ಮೂರನೆಯ ಲಕ್ವಕ್ಕೆ ಆಸ್ಪತ್ರೆಗೆ ಸೇರಿಸಿದ ಕಾಗದ ಮುಂದಿನ ಸಂಕ್ರಾಂತಿ ಕಳೆದ ಮೇಲಿನದು. ಮೊದಲು ಬಿದ್ದದ್ದು ಬೀಗ.